ಪೈಲ್ವಾನನ ಎಡಗೈ

“ಗುರುಗಳೇ, ಶ್ವಾಸಕೋಶಕ್ಕೆ ಶಸ್ತ್ರಚಿಕಿತ್ಸೆ ಮಾಡುವಾಗ ರೋಗಿಗೆ ಪೂರ್ತಿ ನಿದ್ದೆ ಬರಿಸುವುದು ಮೇಲೋ, ಎಚ್ಚರವಾಗಿಟ್ಟು ನೋವನ್ನಷ್ಟೇ ಕಳೆಯುವುದು ಮೇಲೋ?” ಎಂದು ಶಿಷ್ಯ ಕೇಳಿದ.

ಗುರು ಅರಿವಳಿಕೆ ವೈದ್ಯರು. ಜನರನ್ನು ಮಲಗಿಸುವುದರಲ್ಲೂ, ಅದಕ್ಕಿಂತ ಕಷ್ಟದ ಕೆಲಸವಾದ ಎಬ್ಬಿಸುವುದರಲ್ಲೂ ತಲೆ ಹಣ್ಣಾದವರು. ಶಿಷ್ಯ ಮರುದಿನ ಮೊದಲ ಬಾರಿಗೆ ತಾನೇ ಮುಂದೆ ನಿಂತು ಅಂಥದೊಂದು ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವವನಿದ್ದ. ಎರಡೂ ಕಡೆಯ ವಾದಗಳನ್ನು ಅರೆದು ಕುಡಿದು ಬಂದಿದ್ದ. ಅವನ್ನೆಲ್ಲ ಗುರುಗಳ ಮುಂದೆ ಒಪ್ಪಿಸಿದ. ಗುರು ತಡೆಯದೆ ಕೇಳಿಸಿಕೊಂಡರು.

“ಮುಗಿಯಿತೇ? ಇಷ್ಟು ಓದಿದವನಿಗೆ ನಾನು ಹೊಸದಾಗಿ ಹೇಳುವುದೇನಿದೆ! ಒಂದು ಕತೆ ಹೇಳುತ್ತೇನೆ, ಕುಳಿತುಕೋ” ಎಂದರು.

ಒಂದು ಊರಿನಲ್ಲಿ ಒಬ್ಬ ಅರಿವಳಿಕೆ ವೈದ್ಯೆ ಇದ್ದಳು. ಹಳೆಯ ವಿಧಾನ ನಿನಗೆ ಗೊತ್ತೇ ಇದೆ. ರೋಗಿ ಪೂರ್ತಿ ನಿದ್ದೆ ಹೋಗುತ್ತಾನೆ, ಗಂಟಲಿನೊಳಗೆ ಕೊಳವೆ ಇಳಿಯುತ್ತದೆ, ಯಂತ್ರ ಅವನ ಪರವಾಗಿ ಉಸಿರಾಡುತ್ತದೆ. ಆಕೆ ಹೊಸ ವಿಧಾನದಲ್ಲಿ ಪಳಗಿದವಳು. ಬೆನ್ನಿಗೆ ಮದ್ದು ಕೊಟ್ಟು ಎದೆಯ ಭಾಗವನ್ನಷ್ಟೇ ಮರಗಟ್ಟಿಸುತ್ತಿದ್ದಳು. ರೋಗಿ ಸಣ್ಣ ಮಂಪರಿನಲ್ಲಿ ಮಗ್ಗುಲಾಗಿ ಮಲಗಿ ತನ್ನ ಉಸಿರನ್ನು ತಾನೇ ಆಡುತ್ತಿದ್ದ. ಶಸ್ತ್ರವೈದ್ಯ ಪಕ್ಕೆಯಲ್ಲಿ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ ಕೆಲಸ ಮುಗಿಸುತ್ತಿದ್ದ. ಆಕೆಯ ರೋಗಿಗಳು ಅದೇ ಸಂಜೆ ಎದ್ದು ಕುಳಿತು ಕಾಫಿ ಕೇಳುತ್ತಿದ್ದರು.

ಅರ್ಧ ದಾರಿಯಲ್ಲಿ ಎಚ್ಚರದ ವಿಧಾನವನ್ನು ಬಿಟ್ಟು ಕೊಳವೆ ಹಾಕಬೇಕಾದ ಪ್ರಸಂಗ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ. ಹೊರ ಊರುಗಳಿಂದ ವೈದ್ಯರು ನೋಡಿ ಕಲಿಯಲು ಬರುತ್ತಿದ್ದರು. ಆಕೆ ಇದ್ದರೆ ಕೊಳವೆ ಬೇಡ ಎಂಬ ಮಾತು ಹುಟ್ಟಿಕೊಂಡಿತ್ತು. ಆ ಮಾತು ಕಿವಿಗೆ ಬಿದ್ದಾಗ ಅವಳಿಗೆ ಹಿತವಾಗುತ್ತಿತ್ತು. ಯಾರಿಗೆ ಆಗುವುದಿಲ್ಲ ಹೇಳು? ನೀನಾಗಿದ್ದರೆ ಬೋರ್ಡು ಬರೆಸಿ ಬಾಗಿಲಿಗೆ ಹಾಕಿಕೊಳ್ಳುತ್ತಿದ್ದೆ.

ಅವಳ ಬಳಿಗೆ ಒಬ್ಬ ಪೈಲ್ವಾನ ಬಂದ. ವಯಸ್ಸಾಗಿತ್ತು. ಕುಸ್ತಿ ಆಡುವುದನ್ನು ಬಿಟ್ಟು ಗರಡಿ ಮನೆಯಲ್ಲಿ ಹುಡುಗರಿಗೆ ಪಟ್ಟು ಹೇಳಿಕೊಡುವ ಉಸ್ತಾದನಾಗಿದ್ದ. ಅವನ ಬಲ ಶ್ವಾಸಕೋಶದಲ್ಲಿ ದೊಡ್ಡದೊಂದು ಗಾಳಿಗುಳ್ಳೆ ಎದ್ದಿತ್ತು. ಅದು ಊದಿಕೊಂಡು ಪಕ್ಕದ ಒಳ್ಳೆಯ ಭಾಗವನ್ನು ಅಮುಕಿ ಹಿಡಿದಿತ್ತು. ಅದನ್ನು ತೆಗೆಯದಿದ್ದರೆ ಅವನು ಬಹಳ ದಿನ ಬದುಕುವಂತಿರಲಿಲ್ಲ. ಎಡಗಡೆಯೂ ಚೊಕ್ಕವಾಗಿರಲಿಲ್ಲ, ಅಲ್ಲಿಯೂ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಯಂತ್ರ ಜೋರಾಗಿ ಗಾಳಿ ತಳ್ಳಿದರೆ ಬಲಗಡೆಯ ಗುಳ್ಳೆ ಇನ್ನಷ್ಟು ಊದುವ ಭಯ, ಎಡಗಡೆಯವು ಒಡೆಯುವ ಭಯ.

“ಇದು ನಿಮ್ಮ ವಿಧಾನಕ್ಕೆಂದೇ ಹುಟ್ಟಿದ ಕೇಸು” ಎಂದ ಶಸ್ತ್ರವೈದ್ಯ.

ವೈದ್ಯೆಗೂ ಹಾಗೇ ಅನ್ನಿಸಿತು. ಪೈಲ್ವಾನನನ್ನು ಕೂರಿಸಿಕೊಂಡು ಕೇಳಬೇಕಾದ್ದನ್ನೆಲ್ಲ ಕೇಳಿದಳು. ಎದೆ ನೋಯುತ್ತದೆಯೇ, ಮಲಗಿದರೆ ಉಸಿರು ಕಟ್ಟುತ್ತದೆಯೇ, ನಡೆದರೆ ಸುಸ್ತಾಗುತ್ತದೆಯೇ. ಎಲ್ಲದಕ್ಕೂ ಅವನದು ಒಂದೇ ಉತ್ತರ. “ಏನಿಲ್ಲ ಕನವ್ವ, ಚೆನ್ನಾಗಿವ್ನಿ.” ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನಿಮಗೆ ಎಚ್ಚರವಿರುತ್ತದೆ, ಉಸಿರು ಬಿಗಿಯಾದರೆ ಆ ಕ್ಷಣ ನನಗೆ ಹೇಳಬೇಕು ಎಂದಳು. “ಅದ್ಕೇನಂತೆ, ಆಗ್ಲಿ” ಎಂದು ತಲೆಯಾಡಿಸಿದ. ಆಕೆ ಸಮಾಧಾನದಿಂದ ಎದ್ದಳು.

ಅವಳಿಗೊಂದು ರೂಢಿ ಇತ್ತು. ಎದೆಯ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ, ತಾನೂ ಹಿಂದೆ ಹತ್ತುತ್ತಿದ್ದಳು. ಪೈಲ್ವಾನನನ್ನೂ ಹತ್ತಿಸಿದಳು. ನಡುವೆ ಅವನ ಹೆಜ್ಜೆ ನಿಧಾನವಾಯಿತು. ಕಂಬಿ ಹಿಡಿದ ಕೈಯ ನರಗಳು ಉಬ್ಬಿದವು. ಅವಳು ಮುಂದೆ ಬಂದು ಮುಖ ನೋಡಿದಳು. ತುಟಿ ನೀಲಿಯಾಗಿತ್ತು.

“ಸುಸ್ತಾಯ್ತಾ?”

ಅವನ ತುಟಿ ಅಲುಗಿತು. ಏನಿಲ್ಲ ಎನ್ನುತ್ತಿದ್ದ. ಅಷ್ಟು ಹೇಳಲೂ ಅವನಲ್ಲಿ ಗಾಳಿ ಇರಲಿಲ್ಲ. ವೈದ್ಯೆ ಹೆದರಿದಳು. ತೋಳು ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿದಳು.

ಅವಳು ಯಾಕೆ ಹೆದರಿದಳು ಎಂಬುದು ನಿನಗೆ ಗೊತ್ತಿರಬೇಕು, ಆದರೂ ಹೇಳುತ್ತೇನೆ. ಎಚ್ಚರವಿರುವ ರೋಗಿಯ ಮೂಗಿಗೆ ನಾವು ಆಮ್ಲಜನಕ ಕಟ್ಟಿರುತ್ತೇವೆ. ಪರದೆಯ ಮೇಲಿನ ಆಮ್ಲಜನಕದ ಅಂಕಿ ಅದರಿಂದಲೇ ಚೆನ್ನಾಗಿ ಕಾಣುತ್ತಿರುತ್ತದೆ. ಹೊರಗೆ ಹೋಗಬೇಕಾದ ಕೆಟ್ಟ ಗಾಳಿ ಮಾತ್ರ ರಕ್ತದಲ್ಲಿ ಸದ್ದಿಲ್ಲದೆ ತುಂಬಿಕೊಳ್ಳುತ್ತಿರುತ್ತದೆ. ಅದು ಮೊದಲು ತಿಳಿಯುವುದು ರೋಗಿಗೆ. ಅವನು ಬೇಗ ಹೇಳಿದರೆ ನಮ್ಮ ಕೈಯಲ್ಲಿ ಎಲ್ಲವೂ ಇದೆ. ತಡವಾದರೆ ಅವನು ಮಂಪರಿನಿಂದ ಹಾಗೇ ಪ್ರಜ್ಞೆ ತಪ್ಪಿ ಕೆಳಗೆ ಜಾರುತ್ತಾನೆ. ಪಕ್ಕೆಯಲ್ಲಿ ರಂಧ್ರ, ಮಗ್ಗುಲಾಗಿ ಮಲಗಿದ ಮೈ, ಆ ಸ್ಥಿತಿಯಲ್ಲಿ ಗಡಿಬಿಡಿಯಿಂದ ಕೊಳವೆ ತುರುಕುವುದು ಯಾವ ಶತ್ರುವಿಗೂ ಬೇಡ. ಇಷ್ಟು ವರ್ಷ ಆಕೆ ತನ್ನ ಕೈಚಳಕವನ್ನು ನಂಬಿದ್ದೇನೆ ಎಂದುಕೊಂಡಿದ್ದಳು. ನಿಜವಾಗಿ ನಂಬಿದ್ದು ರೋಗಿಯ ಬಾಯನ್ನು. ಈ ರೋಗಿಗೆ ಆ ಬಾಯಿಯೇ ಇರಲಿಲ್ಲ.

“ಯಾಕೆ ಹೇಳಲಿಲ್ಲ?” ಎಂದು ಸಿಟ್ಟಿನಿಂದಲೇ ಕೇಳಿದಳು.

ಪೈಲ್ವಾನ ಸುಧಾರಿಸಿಕೊಂಡು ಹೇಳಿದ. “ಗರಡೀಲಿ ಆ ಮಾತು ಆಡಂಗಿಲ್ಲ ಕನವ್ವ. ಚಿಕ್ಕಂದ್ನಲ್ಲೇ ನಮ್ಮ ಉಸ್ತಾದ್ರು ಮಣ್ಣು ಮುಟ್ಸಿ ಆಣೆ ಮಾಡ್ಸಿದ್ರು. ಬೆನ್ನು ನೆಲಕ್ಕೆ ತಾಕೋಗಂಟ ಆಗಾಕಿಲ್ಲ ಅನ್ನಂಗಿಲ್ಲ ಅಂತ. ಈಗ ಹೇಳವ ಅಂದ್ರೂ ಬಾಯಿಗೇ ಬರಾಕಿಲ್ಲ.”

“ಪ್ರಾಣ ಹೋಗ್ತಿದ್ರೂ?”

“ನಾಲ್ಗೆ ಏಳಾಕಿಲ್ಲ.”

ಅದನ್ನು ಅವನು ಜಂಬದಿಂದ ಹೇಳಲಿಲ್ಲ. ತನ್ನ ಎತ್ತರ ಎಷ್ಟು ಎಂದು ಹೇಳುವವನಂತೆ ಹೇಳಿದ. ವೈದ್ಯೆ ಇಕ್ಕಟ್ಟಿಗೆ ಸಿಕ್ಕಿದಳು. ಅವನ ಶ್ವಾಸಕೋಶ ಎಚ್ಚರದ ವಿಧಾನವನ್ನು ಬೇಡುತ್ತಿತ್ತು. ಅವನ ಸ್ವಭಾವ ನಿದ್ದೆಯನ್ನು ಬೇಡುತ್ತಿತ್ತು. ಯಾವುದನ್ನು ಹಿಡಿದರೂ ಇನ್ನೊಂದು ಅವನನ್ನು ಕೊಲ್ಲಬಹುದಿತ್ತು. ನೀನು ಓದಿದ ಪುಸ್ತಕಗಳನ್ನು ಅವಳೂ ಓದಿದ್ದಳು. ಅವುಗಳಲ್ಲಿ ಶ್ವಾಸಕೋಶದ ಬಗ್ಗೆ ಬೇಕಾದಷ್ಟಿತ್ತು, ಆಣೆಯ ಬಗ್ಗೆ ಏನೂ ಇರಲಿಲ್ಲ.

ಆ ಆಣೆ ಹುಟ್ಟಿದ ಜಾಗವನ್ನೇ ನೋಡೋಣವೆಂದು ಮರುದಿನ ಬೆಳಿಗ್ಗೆ ಆಕೆ ಗರಡಿ ಮನೆಗೆ ಹೋದಳು. ಪೈಲ್ವಾನ ಆಸ್ಪತ್ರೆಯವರಿಂದ ಒಂದು ದಿನದ ಬಿಡುವು ಪಡೆದು ಹುಡುಗರನ್ನು ನೋಡಲು ಬಂದಿದ್ದ. ಗರಡಿಯ ಹೊಸಿಲನ್ನು ಹೆಂಗಸರು ದಾಟುವುದಿಲ್ಲ. ಆಕೆ ಚಪ್ಪಲಿ ಬಿಟ್ಟು ಹೊರಗೇ ನಿಂತಳು. ಲಂಗೋಟಿಯ ಹುಡುಗರು ನಾಚಿ ಗೋಡೆಗೆ ಅಂಟಿಕೊಂಡರು. ಪೈಲ್ವಾನ ಗದರಿದ ಮೇಲೆ ಸಾಮು ಮುಂದುವರಿಯಿತು.

ಒಬ್ಬ ಅಖಾಡದ ಕೆಂಪು ಮಣ್ಣಿಗೆ ಇಳಿದು ತೊಡೆ ತಟ್ಟಿದ. ಮೂಲೆಯಲ್ಲಿ ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಇನ್ನೊಬ್ಬ ಎಲ್ಲ ಬಿಟ್ಟು ಮಣ್ಣಿಗೆ ಹಾರಿದ. ಮಾತಿಲ್ಲ ಕತೆಯಿಲ್ಲ. ತಟ್ಟಿದ, ಬಂದ.

ವೈದ್ಯೆ ಹೊಸಿಲಾಚೆಯಿಂದಲೇ ಕೇಳಿದಳು. “ಅವನು ತೊಡೆ ತಟ್ಟಿದಾಗ ಇವನು ಬರದೇ ಇರಬಹುದಾ?”

ಪೈಲ್ವಾನ ನಕ್ಕುಬಿಟ್ಟ. “ತೊಡೆ ತಟ್ಟಿ ಕರ್ದ ಮ್ಯಾಕೆ ಬರ್ದೆ ಇದ್ರೆ ಅವ್ನು ಗಂಡ್ಸಾ?”

“ಹಾಗಾದ್ರೆ ಕೇಳಿ ಉಸ್ತಾದ್ರೇ. ಆ ಕೋಣೇಲಿ ಉಸಿರು ಬಿಗಿಯಾದ್ರೆ ಆಗಲ್ಲ ಅಂತ ನೀವು ಹೇಳೋದೇ ಬೇಡ. ತೊಡೆ ತಟ್ಟಿ. ನಾನು ಹೆಂಗಸು, ಆದ್ರೂ ಇಳಿದು ಬರ್ತೀನಿ. ಅಲ್ಲಿಂದ ಮುಂದಿನ ಕುಸ್ತಿ ನನ್ನದು.”

ಹುಡುಗರು ಸಾಮು ನಿಲ್ಲಿಸಿ ಉಸ್ತಾದನ ಮುಖ ನೋಡಿದರು. ಪೈಲ್ವಾನ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ತಿಕ್ಕಿದ.

“ಅದ್ರಲ್ಲಿ ಸೋಲಿಲ್ವಲ್ಲವ್ವ” ಎಂದ.

“ಇಲ್ಲ.”

“ಅಂಗಾದ್ರೆ ತಟ್ತೀನಿ.”

ಆಕೆ ಅಷ್ಟಕ್ಕೇ ನಂಬಿ ಬರುವವಳಲ್ಲ. ಆಸ್ಪತ್ರೆಗೆ ಮರಳಿದ ಮೇಲೆ ದಿನವೂ ಅವನನ್ನು ಮೆಟ್ಟಿಲು ಹತ್ತಿಸಿದಳು. ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಯಂತ್ರದ ಚಿಮಟ ಹಾಕಿಸಿ, ಅಂಕಿಯ ಮೇಲೊಂದು ಕಣ್ಣು, ಅವನ ಕೈಯ ಮೇಲೊಂದು ಕಣ್ಣು ಇಟ್ಟಳು. ಮೊದಲ ದಿನ ಅವನು ತಟ್ಟಲೇ ಇಲ್ಲ. ಆಕೆ ಕೂರಿಸಿ ಬೈದಳು. ಇಷ್ಟು ದೊಡ್ಡ ಆಳು ಮಗುವಿನಂತೆ ತಲೆ ತಗ್ಗಿಸಿ ಬೈಸಿಕೊಂಡ. ಮರುದಿನ ತಟ್ಟಿದ, ಆದರೆ ಬಹಳ ತಡವಾಗಿ. ಆಮೇಲಾಮೇಲೆ ಕೈ ಬೇಗ ಏಳತೊಡಗಿತು. ಒಂದು ದಿನ ಪರದೆಯ ಅಂಕಿ ಇಳಿಯುವುದಕ್ಕೆ ಮುಂಚೆಯೇ ತೊಡೆ ಸದ್ದು ಮಾಡಿತು. ಮೇಲಿನಿಂದ ಇಳಿದು ಬರುತ್ತಿದ್ದ ಯಾರೋ ಬೆಚ್ಚಿ ಗೋಡೆಗೆ ಸರಿದರು. ವೈದ್ಯೆಗೆ ಕುಣಿಯಬೇಕೆನ್ನಿಸಿತು. ಆ ದಿನವೇ ಅವಳು ನಿರ್ಧಾರ ಮಾಡಿದಳು. ಎಚ್ಚರದಲ್ಲಿ ಶುರು ಮಾಡುವುದು, ಅವನು ಕರೆದ ಕ್ಷಣ ನಿದ್ದೆಯ ವಿಧಾನಕ್ಕೆ ಹೊರಳುವುದು.

ಶಸ್ತ್ರಚಿಕಿತ್ಸೆಯ ದಿನ ಹೊರ ಊರಿನ ವೈದ್ಯರು ಬಂದು ನಿಂತಿದ್ದರು. ಕೊಳವೆಯಿಲ್ಲದ ಕೆಲಸ ನೋಡಬೇಕೆಂದು ಬಂದವರು. ಪೈಲ್ವಾನನನ್ನು ಎಡ ಮಗ್ಗುಲಿಗೆ ಮಲಗಿಸಿದರು. ರೋಗಿ ಅಲುಗದಂತೆ ಎರಡೂ ಕೈಗಳನ್ನು ಪಟ್ಟಿಯಿಂದ ಕಟ್ಟುವುದು ಆ ಕೋಣೆಯ ಪದ್ಧತಿ. ಬಲಗೈಯನ್ನು ಎತ್ತಿ ಕಟ್ಟಿದರು. ಎಡಗೈಗೆ ಬಂದಾಗ ವೈದ್ಯೆ ತಡೆದಳು.

“ಅದನ್ನು ಕಟ್ಟಬೇಡಿ. ತೊಡೆಯ ಹತ್ತಿರ ಬಿಡಿ.”

“ಒಳಗೆ ನನ್ನ ಕ್ಯಾಮೆರಾ ಇರುತ್ತೆ, ಇವರು ಕೈ ಬೀಸಿದರೆ ಏನು ಗತಿ?” ಎಂದು ಶಸ್ತ್ರವೈದ್ಯ ರೇಗಿದ.

“ಬೀಸೋದಿಲ್ಲ, ಮುಂಗೈಯಷ್ಟೇ ಏಳುತ್ತೆ. ಆ ಕೈ ಕಟ್ಟೋದಾದ್ರೆ ಈ ವಿಧಾನವನ್ನೇ ನಾನು ಬಿಡ್ತೀನಿ.”

ಶಸ್ತ್ರವೈದ್ಯ ಗೊಣಗಿಕೊಂಡು ಒಪ್ಪಿದ. ವೈದ್ಯೆ ಕೊಳವೆಯನ್ನು ತೆಗೆದು, ಕೈಗೆ ಸಿಗುವಂತೆ ತಲೆಯ ಪಕ್ಕದಲ್ಲೇ ಇಟ್ಟಳು. ನಿದ್ದೆಯ ಮದ್ದನ್ನು ಸಿರಿಂಜಿಗೆ ತುಂಬಿಸಿದಳು. ಸದ್ದು ಕೇಳಿದರೆ ಯಾರು ಏನು ಮಾಡಬೇಕೆಂದು ನರ್ಸಿಗೂ ಸಹಾಯಕನಿಗೂ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸಿದಳು. ನೋಡಲು ಬಂದವರಲ್ಲಿ ಪಿಸುಮಾತು ಎದ್ದಿತು. ಇವರಿಗೇ ಕೊಳವೆ ಬೇಕೇ ಎಂದು ಯಾರೋ ಅಂದದ್ದು ಅವಳ ಕಿವಿಗೆ ಬಿತ್ತು. ಚುರುಕ್ಕೆಂದಿತು. ಕೊಳವೆಯನ್ನು ಮಾತ್ರ ಅವಳು ಅಲ್ಲಿಂದ ತೆಗೆಯಲಿಲ್ಲ.

ಕೆಲಸ ಸಲೀಸಾಗಿ ಸಾಗಿತು. ಪೈಲ್ವಾನ ಕಣ್ಣು ಮುಚ್ಚಿ ಉಸಿರಾಡುತ್ತಿದ್ದ. ಶಸ್ತ್ರವೈದ್ಯ ಗುಳ್ಳೆಯ ಬುಡವನ್ನು ಹೊಲಿಗೆ ಹಾಕಿ ಮುಚ್ಚಿದ. ಇನ್ನು ಅದನ್ನು ಬಿಡಿಸಿ ಹೊರಗೆ ತೆಗೆಯಬೇಕು, ಗಾಳಿ ಸೋರುತ್ತಿದೆಯೇ ನೋಡಬೇಕು, ರಂಧ್ರ ಮುಚ್ಚಬೇಕು.

ಆಗ ಹಸಿರು ಬಟ್ಟೆಯ ಕೆಳಗಿನಿಂದ ಸದ್ದು ಬಂತು. ದೊಡ್ಡ ಸದ್ದಲ್ಲ. ಬಟ್ಟೆಯಲ್ಲಿ ಅಡಗಿದ ಒಂದು ಪಟ್.

ವೈದ್ಯೆ ಪರದೆ ನೋಡಿದಳು. ಅಂಕಿ ಚೆನ್ನಾಗಿತ್ತು. ಪೈಲ್ವಾನನ ಮುಖ ನೋಡಿದಳು. ಅದರಲ್ಲಿ ಏನೂ ಕಾಣುತ್ತಿರಲಿಲ್ಲ, ದವಡೆ ಬಿಗಿದಿತ್ತು ಅಷ್ಟೇ.

“ಕೈ ಜಾರಿರಬೇಕು ಬಿಡಿ” ಎಂದ ಶಸ್ತ್ರವೈದ್ಯ. “ಅಂಕಿ ಚೆನ್ನಾಗೇ ಇದೆಯಲ್ಲ. ಒಂಚೂರು ತಡೀರಿ, ಮುಗಿಸಿಬಿಡ್ತೀನಿ.”

ಇಲ್ಲಿ ನಾನು ಸುಳ್ಳು ಹೇಳಬಾರದು. ಅವಳಿಗೂ ತಡೆಯೋಣ ಅನ್ನಿಸಿತು. ಇನ್ನೊಂದು ಸಲ ತಟ್ಟಲಿ, ಆಮೇಲೆ ನೋಡೋಣ ಅನ್ನಿಸಿತು. ಬೆನ್ನ ಹಿಂದೆ ಅಷ್ಟು ಕಣ್ಣುಗಳು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು. ಒಂಚೂರು ತಡೆದರೆ ಹೆಸರು ಉಳಿಯುತ್ತದೆ. ಪರದೆಯೂ ಅವಳ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಆದರೆ ಆ ಮನುಷ್ಯ, ಮೆಟ್ಟಿಲ ಮೇಲಿನ ಅಭ್ಯಾಸ ಬಿಟ್ಟರೆ, ಬದುಕಿನಲ್ಲಿ ಮೊದಲ ಸಲ ಉಸಿರಿಗಾಗಿ ಇನ್ನೊಬ್ಬರನ್ನು ಕರೆದಿದ್ದ. ಕರೆದರೆ ಬರುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು.

“ನಿಲ್ಲಿಸಿ” ಎಂದಳು. ಬಾಗಿ ಅವನ ಕಿವಿಯಲ್ಲಿ, “ಬಂದೆ ಉಸ್ತಾದ್ರೇ” ಎಂದಳು.

ದವಡೆ ಸಡಿಲವಾಯಿತು. ಆಮೇಲೆ ಅಲ್ಲಿ ಯಾರೂ ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಶಸ್ತ್ರವೈದ್ಯ ಕ್ಯಾಮೆರಾ ಹೊರಗೆಳೆದು ರಂಧ್ರದ ಮೇಲೆ ಒದ್ದೆ ಬಟ್ಟೆ ಒತ್ತಿ ಹಿಡಿದ. ನರ್ಸ್ ಸಿರಿಂಜು ಕೊಟ್ಟಳು. ಪೈಲ್ವಾನ ನಿದ್ದೆಗೆ ಇಳಿದ. ಮಗ್ಗುಲಾಗಿ ಮಲಗಿದವನ ಗಂಟಲಿಗೆ ಕೊಳವೆ ಇಳಿಸುವುದು ಎಷ್ಟು ಕಷ್ಟ ಎಂದು ನೀನು ನಾಳೆಯೋ ನಾಡಿದ್ದೋ ಕಲಿಯುತ್ತೀಯೆ. ಅವಳು ಅದಕ್ಕೆ ಸಿದ್ಧಳಾಗಿದ್ದಳು. ಕೊಳವೆ ಇಳಿಯಿತು. ಅವನ ಉಸಿರನ್ನು ಯಂತ್ರಕ್ಕೆ ಒಪ್ಪಿಸಲಿಲ್ಲ. ಗಾಳಿಚೀಲವನ್ನು ತನ್ನ ಕೈಯಲ್ಲೇ ಹಿಡಿದು, ಹಸುಗೂಸಿಗೆ ಒಳಲೆಯಲ್ಲಿ ಹಾಲು ಹುಯ್ಯುವಷ್ಟು ಮೆಲ್ಲಗೆ, ಸಣ್ಣ ಸಣ್ಣ ಉಸಿರು ಕೊಟ್ಟಳು. ಬುಡ ಮುಚ್ಚಿದ ಬಲಗಡೆಯ ಗುಳ್ಳೆ ಊದಲಿಲ್ಲ, ಎಡಗಡೆಯ ಗುಳ್ಳೆಗಳು ಒಡೆಯಲಿಲ್ಲ. ಎದೆ ಏರಿತು, ಇಳಿಯಿತು, ಮತ್ತೆ ಏರಿತು.

ಆ ಗಡಿಬಿಡಿಯಲ್ಲೇ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ದಳು. ಉತ್ತರ ಬಂತು. ಕೆಟ್ಟ ಗಾಳಿ ಮೇರೆ ಮೀರಿ ಏರಿತ್ತು. ಪರದೆ ಚೆನ್ನಾಗಿದೆ ಎನ್ನುತ್ತಿದ್ದಾಗ ಆ ಮನುಷ್ಯ ಬಾವಿಯ ಅಂಚಿನಲ್ಲಿ ನಿಂತಿದ್ದ. ಇನ್ನೊಂದು ಸಲ ತಟ್ಟಲಿ ಎಂದು ಕಾದಿದ್ದರೆ ತಟ್ಟಲು ಆ ಕೈಗೆ ಎಚ್ಚರವೇ ಇರುತ್ತಿರಲಿಲ್ಲ.

ಶಸ್ತ್ರವೈದ್ಯ ಅದನ್ನು ಕೇಳಿ ಕೈ ಕೆಳಗಿಟ್ಟ.

“ಆ ಕೈ ಕಟ್ಟಿಬಿಟ್ಟಿದ್ರೆ?” ಎಂದ.

ಅವನು ಮತ್ತೆ ಕೆಲಸಕ್ಕೆ ಕೈ ಹಾಕಿ, ಅವಸರವಿಲ್ಲದೆ ಗುಳ್ಳೆಯನ್ನು ಹೊರಗೆ ತೆಗೆದ. ಅಮುಕಿಹೋಗಿದ್ದ ಒಳ್ಳೆಯ ಶ್ವಾಸಕೋಶ ಮೆಲ್ಲಗೆ ಅರಳಿ ತನ್ನ ಜಾಗ ತುಂಬಿಕೊಂಡಿತು. ನೋಡಲು ಬಂದವರು ಕತ್ತು ಚಾಚಿ ನೋಡಿದರು. ಎಷ್ಟೋ ಕಾಲದ ಮೇಲೆ ಮನೆಗೆ ಬೆಳಕು ಬಂದ ಹಾಗಿತ್ತು. ವೈದ್ಯೆಯ ಕಣ್ಣು ತುಂಬಿತು, ಅವಳು ಅದನ್ನು ಮರೆಮಾಡಲೂ ಹೋಗಲಿಲ್ಲ.

ಪೈಲ್ವಾನ ಎದ್ದ. ಕೊಳವೆ ತೆಗೆದ ಮೇಲೆ ಕರ್ಕಶವಾದ ದನಿಯಲ್ಲಿ ಕೇಳಿದ ಮೊದಲ ಮಾತು ಇದು. “ಯಾರವ್ವ ಗೆದ್ದಿದ್ದು?”

“ನೀವು ಕರೆದ್ರಿ, ನಾನು ಬಂದೆ. ಇಬ್ಬರೂ ಗೆದ್ವಿ” ಎಂದಳು.

ಹೊರ ಊರಿನ ವೈದ್ಯರಲ್ಲಿ ಒಬ್ಬ ಅವಳ ಬಳಿ ಬಂದು ಮರುಕಪಟ್ಟ. “ಛೆ, ಇಷ್ಟು ದಿನದಲ್ಲಿ ಒಂದೂ ತಪ್ಪಿರಲಿಲ್ಲ. ನಿಮ್ಮ ಹೆಸರಿಗೆ ಕಪ್ಪುಚುಕ್ಕೆ ಬಿತ್ತಲ್ಲ ಮೇಡಂ.”

ಅವಳು ಜೋರಾಗಿ ನಕ್ಕಳು. ಅಷ್ಟು ಹಗುರಾಗಿ ನಕ್ಕು ಎಷ್ಟೋ ವರ್ಷವಾಗಿತ್ತು. “ಬೀಳಲಿ ಬಿಡಿ. ಆ ಹೆಸರನ್ನು ಹೊತ್ತು ಹೊತ್ತು ನನ್ನ ಭುಜ ಬಿದ್ದುಹೋಗಿತ್ತು” ಎಂದಳು.

ಗರಡಿಯ ಹುಡುಗರು ಬಾದಾಮಿ ಹಾಲು ತಂದು ವಾರ್ಡಿನಲ್ಲಿ ಗದ್ದಲ ಮಾಡಿ ನರ್ಸಿನಿಂದ ಬೈಸಿಕೊಂಡರು. ಗಾಯ ಮಾಗಿ ಮನೆಗೆ ಹೊರಡುವ ದಿನ ಪೈಲ್ವಾನ ತಾನಾಗಿಯೇ ಮೆಟ್ಟಿಲು ಹತ್ತೋಣ ಬನ್ನಿ ಎಂದ. ಹತ್ತಿದ. ತನ್ನ ಹಳೆಯ ಕುಸ್ತಿಗಳ ಕತೆ ಹೇಳುತ್ತ ಹತ್ತಿದ. ಯಾರನ್ನು ಯಾವ ಪಟ್ಟಿನಿಂದ ಕೆಡವಿದೆ ಎಂದು ಹೇಳುತ್ತ, ನಡುನಡುವೆ ತೋರಿಸುತ್ತ, ಎಲ್ಲಿಯೂ ನಿಲ್ಲದೆ ಹತ್ತಿದ. ತುಟಿ ಕೆಂಪಗಿತ್ತು. ವೈದ್ಯೆ ಹಿಂದೆ ಬಿದ್ದಳು.

“ಉಸ್ತಾದ್ರೇ, ನಿಲ್ಲಿ, ನನಗೆ ಆಗ್ತಿಲ್ಲ” ಎಂದು ಕೂಗಿದಳು.

ಪೈಲ್ವಾನ ತಿರುಗಿ ನಿಂತು, ಹೊಸ ಎದೆಯ ತುಂಬ ಗಾಳಿ ಎಳೆದುಕೊಂಡು, ಆಸ್ಪತ್ರೆಯೆಲ್ಲ ಕೇಳುವಂತೆ ನಕ್ಕ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ತಾನೇ ಕುಸ್ತಿ ಗೆದ್ದವನಂತೆ ಎದ್ದು ನಿಂತ.

“ಗೊತ್ತಾಯಿತು ಗುರುಗಳೇ. ಎಚ್ಚರದಲ್ಲಿ ಶುರು ಮಾಡಬೇಕು, ನಿದ್ದೆಗೆ ಸಿದ್ಧವಾಗಿರಬೇಕು. ನಾಳೆ ನಾನೂ ಹಾಗೇ ಮಾಡುತ್ತೇನೆ” ಎಂದ.

ಗುರು ಅವನನ್ನು ನೋಡಿ ಕೇಳಿದರು:

“ನಾಳೆ ನಿನ್ನ ಮುಂದೆ ಮಲಗುವವನು ಉಸಿರು ಕಟ್ಟಿದರೆ ಕೂಗುವವನೋ, ಹಲ್ಲು ಕಚ್ಚುವವನೋ?”